ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (12 ಜನವರಿ 1895 – ಆಗಸ್ಟ್ 1948) ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಜೀವರಸಾಯನ ವಿಜ್ಞಾನಿ. ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಸಂಯುಕ್ತವನ್ನು ಗುರುತಿಸಿದವರಲ್ಲಿ ಇವರೂ ಒಬ್ಬರು. ಫೋಲಿಕ್ ಆಮ್ಲದ ತಯಾರಿಕೆ, ಆನೆಕಾಲು ರೋಗಕ್ಕೆ ಡೈಈಥೈಲ್‌ಕಾರ್ಬಮಝೀನ್, ರಕ್ತದ ಕ್ಯಾನ್ಸರಿಗೆ ಅಮಿನಾಪ್ಟೆರಿನ್, ಟೆಟ್ರಾಸೈಕ್ಲಿನ್ ವರ್ಗದ ಮೊದಲ ಪ್ರತಿಜೀವಕವಾದ ಆರಿಯೋಮೈಸಿನ್ – ಇವೆಲ್ಲವೂ ಇವರು ಮುನ್ನಡೆಸಿದ ಪ್ರಯೋಗಾಲಯದಿಂದ ಹೊರಬಂದವು. ಇವರ ಇಬ್ಬರು ಸಹೋದರರು ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಇವರೂ ಅದೇ ಕಾಯಿಲೆಯಿಂದ ನರಳಿದ್ದರು. ಆ ಕಾಯಿಲೆಗೆ ಈಗ ಕೊಡುವ ಎರಡು ಮುಖ್ಯ ಔಷಧಗಳ ಬೇರು ಇವರ ಪ್ರಯೋಗಾಲಯದಲ್ಲಿಯೇ ಇದೆ. ರಕ್ತಪೂರೈಕೆ ಕುಂದಿ ಹಾನಿಗೊಂಡ ಕರುಳಿನ ಚಿಕಿತ್ಸೆಯನ್ನು ಅರ್ಥಮಾಡಿಕೊಳ್ಳುವಲ್ಲಿಯೂ ಇವರ ಸಂಶೋಧನೆಗಳು ನೆರವಾಗಿವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸುಬ್ಬರಾವ್ ಅವರು ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ, ಇಂದಿನ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರರು, ತಾಯಿ ವೆಂಕಮ್ಮ. ತಂದೆಯ ಅನಾರೋಗ್ಯದಿಂದ ಮನೆಯ ಆದಾಯ ನಿಂತುಹೋದ ಮೇಲೆ ಮಕ್ಕಳ ಓದಿನ ಹೊಣೆಯನ್ನು ತಾಯಿಯೇ ಹೊತ್ತರು. ಒಡವೆ ಮಾರಿ ಶಾಲೆಯ ಖರ್ಚು ತೂಗಿಸಿದರು. ಬಾಲಕ ಸುಬ್ಬರಾವ್‌ಗೆ ಓದಿನಲ್ಲಿ ಆಸಕ್ತಿ ಇರಲಿಲ್ಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವ ಯೋಚನೆಯಿಂದ ಒಮ್ಮೆ ಮನೆ ಬಿಟ್ಟು ಓಡಿಹೋಗಿ, ದಾರಿಯಲ್ಲೇ ಸಿಕ್ಕಿಬಿದ್ದು ಹಿಂದಿರುಗಿದ್ದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ ಮೂರನೆಯ ಪ್ರಯತ್ನದಲ್ಲಿ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಓದುವಾಗ ರಾಮಕೃಷ್ಣ ಮಿಷನ್ನಿನ ಕಡೆಗೆ ಒಲವು ಬೆಳೆದು ಸನ್ಯಾಸ ಸ್ವೀಕರಿಸಲು ಬಯಸಿದರು. ತಾಯಿ ಒಪ್ಪಲಿಲ್ಲ. ಕೊನೆಗೆ ವೈದ್ಯನಾಗಿ ಸೇವೆ ಮಾಡುವ ದಾರಿ ಹಿಡಿದು ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದರು.

ಕಾಲೇಜಿನ ಖರ್ಚಿಗೆ ಸ್ನೇಹಿತರೂ ಕಸ್ತೂರಿ ಸೂರ್ಯನಾರಾಯಣಮೂರ್ತಿಯವರೂ ನೆರವಾದರು. 1919ರಲ್ಲಿ ಮೂರ್ತಿಯವರ ಮಗಳು ಶೇಷಗಿರಿಯವರೊಂದಿಗೆ ಸುಬ್ಬರಾವ್ ಅವರ ವಿವಾಹವಾಯಿತು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೂ ಖಾದಿಯ ಮೇಲಂಗಿ ತೊಡಲಾರಂಭಿಸಿದ್ದು ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಇವರಿಗೆ ಪೂರ್ಣ ಪ್ರಮಾಣದ ಎಂ.ಬಿ.ಬಿ.ಎಸ್. ಪದವಿಯ ಬದಲು ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ದೊರೆಯಿತು. ಮದ್ರಾಸ್ ವೈದ್ಯಕೀಯ ಸೇವೆಗೆ ಸೇರುವ ಪ್ರಯತ್ನವೂ ಕೈಗೂಡಲಿಲ್ಲ. ಆಗ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಸಹೋದರರ ಸಾವು

ಈ ವರ್ಷಗಳಲ್ಲೇ ಇವರ ಸಹೋದರರಾದ ಪುರುಷೋತ್ತಮ ಮತ್ತು ಕೃಷ್ಣಮೂರ್ತಿ ಕೆಲವೇ ದಿನಗಳ ಅಂತರದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ನಮ್ಮಲ್ಲಿ ಗ್ರಹಣಿ ಅಥವಾ ಸಂಗ್ರಹಣಿ ಎಂದು ಕರೆಯುತ್ತಿದ್ದ ಕಾಯಿಲೆಗಳ ಗುಂಪಿನಲ್ಲಿ ಇದೂ ಬರುತ್ತದೆ. ಉಷ್ಣವಲಯದ ದೇಶಗಳಲ್ಲಿ ಕಾಣುವ ಈ ರೋಗದಲ್ಲಿ ಸಣ್ಣಕರುಳಿನ ಒಳಪದರದ ಬೆರಳಿನಾಕಾರದ ಮಡಿಕೆಗಳು ಮೊಟಕಾಗಿ, ಉಂಡ ಆಹಾರ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ತಿಂಗಳುಗಟ್ಟಲೆ ಭೇದಿ, ನಾಲಿಗೆಯ ಹುಣ್ಣು, ರಕ್ತಹೀನತೆ, ಮೂಳೆ ಚರ್ಮ ಮಾತ್ರ ಉಳಿಯುವಷ್ಟು ಸೊರಗುವಿಕೆ ಇದರ ಲಕ್ಷಣಗಳು. ಆಗಿನ ಅಲೋಪತಿಯಲ್ಲಿ ಇದಕ್ಕೆ ಔಷಧ ಇರಲಿಲ್ಲ, ಪಥ್ಯವೊಂದೇ ಚಿಕಿತ್ಸೆ. ಸುಬ್ಬರಾವ್ ಅವರಿಗೂ ಈ ಕಾಯಿಲೆ ತಗುಲಿ, ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಚೇತರಿಸಿಕೊಂಡರು. ಆಯುರ್ವೇದದ ಮದ್ದುಗಳಲ್ಲಿ ಏನಿದೆ ಎಂಬುದನ್ನು ಆಧುನಿಕ ರಸಾಯನ ವಿಜ್ಞಾನದ ಮೂಲಕ ಅರಿಯಬೇಕೆಂಬ ಹಂಬಲ ಇಲ್ಲಿಂದ ಹುಟ್ಟಿತೆಂದು ಇವರ ಜೀವನ ಚರಿತ್ರೆಕಾರರು ಅಭಿಪ್ರಾಯಪಡುತ್ತಾರೆ.

ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ದತ್ತಿಯ ನೆರವು ಮತ್ತು ಮಾವನವರು ಕೊಟ್ಟ ಹಣದಿಂದ ಸುಬ್ಬರಾವ್ 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ನಗರಕ್ಕೆ ತೆರಳಿದರು. ಹೊರಡುವಾಗ ಪತ್ನಿ ಗರ್ಭಿಣಿ. ಮುಂದೆ ಹುಟ್ಟಿದ ಗಂಡುಮಗು ಶೈಶವದಲ್ಲೇ ತೀರಿಕೊಂಡಿತು. ಸುಬ್ಬರಾವ್ ಆ ಮಗುವನ್ನು ನೋಡಲೇ ಇಲ್ಲ. ಭಾರತಕ್ಕೆ ಮರಳಲೂ ಇಲ್ಲ.

ಹಾರ್ವರ್ಡ್‌ನಲ್ಲಿ

ಹಾರ್ವರ್ಡ್ ವಿಶ್ವವಿದ್ಯಾಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಡಿಪ್ಲೊಮಾ ಪಡೆಯುವ ದಿನಗಳಲ್ಲಿ ಹೊಟ್ಟೆಪಾಡಿಗಾಗಿ ಇವರು ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಕೂಲಿಯಾಗಿ ದುಡಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದೂ ಆ ಕೆಲಸದಲ್ಲಿ ಸೇರಿತ್ತು. ಬಳಿಕ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಅವರ ಜೊತೆ ಸಂಶೋಧನೆ ಆರಂಭಿಸಿದರು.

ಇವರಿಬ್ಬರ ಮೊದಲ ದೊಡ್ಡ ಕೊಡುಗೆ ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ವಿಧಾನ. 1925ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ರಂಜಕವು ಮಾಲಿಬ್ಡೇಟ್ ಜೊತೆ ಸೇರಿ ನೀಲಿ ಬಣ್ಣ ಕೊಡುತ್ತದೆ. ಬಣ್ಣ ಗಾಢವಾದಷ್ಟೂ ರಂಜಕದ ಪ್ರಮಾಣ ಹೆಚ್ಚು. ಫಿಸ್ಕೆ–ಸುಬ್ಬರಾವ್ ವಿಧಾನವೆಂದೇ ಹೆಸರಾದ ಇದನ್ನು ಜೀವರಸಾಯನ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಪ್ರಯೋಗ ತರಗತಿಯಲ್ಲಿ ಕಲಿಯುತ್ತಾರೆ. ವಿಧಾನ ಸರಳ, ಫಲ ಮಾತ್ರ ಅನಿರೀಕ್ಷಿತ. ಸ್ನಾಯುವಿನ ಸಾರವನ್ನು ಅಳೆಯುವಾಗ ನೀಲಿ ಬಣ್ಣ ಒಮ್ಮೆಲೇ ಬಾರದೆ ನಿಧಾನವಾಗಿ ಏರುತ್ತಿದ್ದುದನ್ನು ಇಬ್ಬರೂ ಗಮನಿಸಿದರು. ಸುಲಭವಾಗಿ ಒಡೆಯುವ ಯಾವುದೋ ಸಂಯುಕ್ತದಲ್ಲಿ ರಂಜಕ ಅಡಗಿದೆ ಎಂಬುದು ಇದರಿಂದ ತಿಳಿಯಿತು. 1927ರಲ್ಲಿ ಅದು ಫಾಸ್ಫೋಕ್ರಿಯಾಟಿನ್ ಎಂದು ಗುರುತಿಸಿದರು. 1929ರಲ್ಲಿ ಅದೇ ಸ್ನಾಯುಸಾರದಿಂದ ಅಡೆನೋಸಿನ್ ಟ್ರೈಫಾಸ್ಫೇಟ್ ಅಥವಾ ಎಟಿಪಿಯನ್ನು ಬೇರ್ಪಡಿಸಿದ ವರದಿ ಪ್ರಕಟವಾಯಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಸ್ವತಂತ್ರವಾಗಿ ಇದೇ ಸಂಯುಕ್ತವನ್ನು ಕಂಡುಕೊಂಡರು. ಪಠ್ಯಪುಸ್ತಕಗಳಲ್ಲಿ ಲೋಮನ್ ಹೆಸರೇ ಹೆಚ್ಚಾಗಿ ಕಾಣುತ್ತದೆ.

1930ರಲ್ಲಿ ಸುಬ್ಬರಾವ್ ಪಿಎಚ್.ಡಿ. ಪಡೆದರು. ಆದರೂ ಹಾರ್ವರ್ಡ್‌ನಲ್ಲಿ ಇವರಿಗೆ ಕಾಯಂ ಹುದ್ದೆ ಸಿಗಲಿಲ್ಲ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಜಾರ್ಜ್ ಹಿಚಿಂಗ್ಸ್ ಆಗ ಅದೇ ವಿಭಾಗದ ವಿದ್ಯಾರ್ಥಿಯಾಗಿದ್ದರು. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ಸಂಯುಕ್ತಗಳ ವಿವರ ಫಿಸ್ಕೆ ಅವರ ಕಾರಣದಿಂದ ಬೆಳಕಿಗೆ ಬಾರದೆ, ಅವನ್ನು ಬೇರೆಯವರು ವರ್ಷಗಳ ನಂತರ ಮತ್ತೆ ಕಂಡುಹಿಡಿಯಬೇಕಾಯಿತು ಎಂಬ ಅಭಿಪ್ರಾಯವನ್ನು ಹಿಚಿಂಗ್ಸ್ ವ್ಯಕ್ತಪಡಿಸಿದ್ದಾರೆ.

ಲೆಡರ್ಲಿ ಪ್ರಯೋಗಾಲಯ ಮತ್ತು ಫೋಲಿಕ್ ಆಮ್ಲ

1940ರಲ್ಲಿ ಸುಬ್ಬರಾವ್ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯವನ್ನು ಸೇರಿ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಇದು ಅಮೆರಿಕನ್ ಸೈಯನಮಿಡ್ ಕಂಪನಿಯ ಅಂಗಸಂಸ್ಥೆಯಾಗಿತ್ತು.

ಇಲ್ಲಿನ ಮೊದಲ ಗುರಿ ಫೋಲಿಕ್ ಆಮ್ಲ. ಮುಂಬಯಿಯ ಬಸುರಿ ಹೆಂಗಸರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತದೆ ಎಂದು ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್ 1930ರ ಸುಮಾರಿಗೆ ತೋರಿಸಿದ್ದರು. ಆ ಸಾರದಲ್ಲಿದ್ದ ಅಂಶವನ್ನು ಶುದ್ಧರೂಪದಲ್ಲಿ ಪಡೆದು, ಅದರ ರಚನೆಯನ್ನು ತಿಳಿದು, ಕೃತಕವಾಗಿ ತಯಾರಿಸುವ ಕೆಲಸವನ್ನು ಸುಬ್ಬರಾವ್ ಮತ್ತು ಅವರ ತಂಡ ಮುಗಿಸಿ 1945ರಲ್ಲಿ ಪ್ರಕಟಿಸಿತು. ಅಮೆರಿಕದ ವೈದ್ಯ ಟಾಮ್ ಸ್ಪೈಸ್ ಈ ಹೊಸ ಔಷಧವನ್ನು ಕ್ಯೂಬಾ ಮುಂತಾದ ಕಡೆ ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ಅವರ ರಕ್ತಹೀನತೆ ತಗ್ಗಿತು, ನಾಲಿಗೆಯ ಹುಣ್ಣು ಮಾಯಿತು, ಹಸಿವು ಮರಳಿತು.

ಕರುಳಿಗೆ ಫೋಲಿಕ್ ಆಮ್ಲ ಏಕೆ ಬೇಕೆಂಬುದಕ್ಕೆ ವಿವರಣೆ ಇದೆ. ಸಣ್ಣಕರುಳಿನ ಒಳಪದರದ ಕೋಶಗಳ ಆಯುಸ್ಸು 3ರಿಂದ 5 ದಿನ ಮಾತ್ರ. ಹಳೆಯವು ಉದುರಿದಂತೆ ಮಡಿಕೆಗಳ ಬುಡದಲ್ಲಿ ಹೊಸವು ಹುಟ್ಟುತ್ತಿರುತ್ತವೆ. ಹೀಗೆ ಬಿಡುವಿಲ್ಲದೆ ವಿಭಜನೆಯಾಗುವ ಕೋಶಗಳು ಡಿಎನ್ಎ ತಯಾರಿಸಲು ಫೋಲಿಕ್ ಆಮ್ಲವನ್ನೇ ಅವಲಂಬಿಸಿವೆ. ಸ್ಪ್ರೂ ರೋಗಿಯ ಕರುಳು ಫೋಲಿಕ್ ಆಮ್ಲವನ್ನು ಹೀರಲಾರದು. ಅದಿಲ್ಲದೆ ಕರುಳು ದುರಸ್ತಿಯಾಗದು. ಈ ವಿಷವರ್ತುಲವನ್ನು ಮಾತ್ರೆ ಮುರಿಯುತ್ತದೆ.

ಆರಿಯೋಮೈಸಿನ್

ಆರಿಯೋಮೈಸಿನ್ ಅನ್ನು ಸುಬ್ಬರಾವ್ ಕಂಡುಹಿಡಿದರೆಂದು ಹಲವೆಡೆ ಬರೆಯಲಾಗಿದೆ. ಇದು ಪೂರ್ತಿ ಸರಿಯಲ್ಲ. ಸೂಕ್ಷ್ಮಜೀವಿಯನ್ನು ಮಣ್ಣಿನಿಂದ ಬೇರ್ಪಡಿಸಿದವರು ಬೆಂಜಮಿನ್ ಡಗ್ಗರ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ನಿವೃತ್ತರಾದ ಅವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಲೆಡರ್ಲಿಗೆ ಬಂದಿದ್ದರು. ಪೆನಿಸಿಲಿನ್ ಮತ್ತು ಸ್ಟ್ರೆಪ್ಟೋಮೈಸಿನ್ ಬಂದ ಮೇಲೆ ಅವೆರಡೂ ಮುಟ್ಟದ ರೋಗಾಣುಗಳಿಗಾಗಿ ಬೇರೆ ಬೇರೆ ಊರುಗಳ ಮಣ್ಣು ತರಿಸಿ ಪರೀಕ್ಷಿಸುವ ಕಾರ್ಯಕ್ರಮವನ್ನು ಸುಬ್ಬರಾವ್ ನಡೆಸುತ್ತಿದ್ದರು. ಮಿಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಹೊಲದ ಮಣ್ಣಿನಲ್ಲಿ 1945ರಲ್ಲಿ ಡಗ್ಗರ್ ಅವರಿಗೆ ಹಳದಿ ಬಣ್ಣ ಸುರಿಸುವ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದಕ್ಕೆ ಸ್ಟ್ರೆಪ್ಟೋಮೈಸಿಸ್ ಆರಿಯೋಫೇಸಿಯನ್ಸ್ ಎಂದು ಹೆಸರಿಟ್ಟರು. ಆರಿಯೋ ಎಂದರೆ ಲ್ಯಾಟಿನ್ನಿನಲ್ಲಿ ಚಿನ್ನ. ಚಿನ್ನ ಮಾಡುವಂಥದು ಎಂಬುದು ಹೆಸರಿನ ಅರ್ಥ. ಅದರಿಂದ ಪಡೆದ ಔಷಧವೇ ಆರಿಯೋಮೈಸಿನ್, ರಾಸಾಯನಿಕ ಹೆಸರು ಕ್ಲೋರ್‌ಟೆಟ್ರಾಸೈಕ್ಲಿನ್. 1948ರ ಬೇಸಿಗೆಯಲ್ಲಿ ಇದನ್ನು ಜಗತ್ತಿಗೆ ಪ್ರಕಟಿಸಲಾಯಿತು. ಬಾಯಿಯ ಮೂಲಕವೇ ಕೊಡಬಹುದಾಗಿದ್ದ ಇದು ಪೆನಿಸಿಲಿನ್‌ಗೆ ಬಗ್ಗದ ಹಲವು ಕರುಳುವಾಸಿ ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತಿತ್ತು. ವಿಶಾಲ ವ್ಯಾಪ್ತಿಯ ಪ್ರತಿಜೀವಕ ಎಂಬ ಮಾತು ರೂಢಿಗೆ ಬಂದಿದ್ದು ಇಂತಹ ಔಷಧಗಳ ಕಾಲದಲ್ಲಿ. 1950ರ ದಶಕದಲ್ಲಿ ಇದೇ ಕುಟುಂಬದ ಟೆಟ್ರಾಸೈಕ್ಲಿನ್ ಬಂದಿತು.

ಇತರ ಔಷಧಗಳು

ಫೋಲಿಕ್ ಆಮ್ಲವನ್ನು ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ಸಂಯುಕ್ತವನ್ನೂ ಸುಬ್ಬರಾವ್ ತಂಡ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಇದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟು 10 ಮಕ್ಕಳಲ್ಲಿ ತಾತ್ಕಾಲಿಕ ಸುಧಾರಣೆ ಕಂಡರು. ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಇಂದು ಬಳಕೆಯಲ್ಲಿರುವ ಮೆಥೋಟ್ರೆಕ್ಸೇಟ್ ಇದರ ಹತ್ತಿರದ ಸಂಬಂಧಿ. 1947ರಲ್ಲಿ ಹೆಟ್ರಝಾನ್ ಎಂಬ ಹೆಸರಿನಲ್ಲಿ ಬಂದ ಡೈಈಥೈಲ್‌ಕಾರ್ಬಮಝೀನ್ ಈಗಲೂ ಕರ್ನಾಟಕವೂ ಸೇರಿದಂತೆ ಭಾರತದ ಆನೆಕಾಲು ರೋಗ ನಿರ್ಮೂಲನ ಕಾರ್ಯಕ್ರಮದ ಮುಖ್ಯ ಮಾತ್ರೆಯಾಗಿದೆ.

ರಕ್ತಪೂರೈಕೆ ಕುಂದಿದ ಕರುಳಿನ ಚಿಕಿತ್ಸೆಗೆ ಸಂಬಂಧ

ಕರುಳಿನ ರಕ್ತಪೂರೈಕೆಯ ಬಗ್ಗೆ ಸುಬ್ಬರಾವ್ ನೇರವಾಗಿ ಸಂಶೋಧನೆ ಮಾಡಿದವರಲ್ಲ. ಆದರೂ ಆ ಕಾಯಿಲೆಯ ಸ್ವರೂಪ ಹಾಗೂ ಚಿಕಿತ್ಸೆಯ ಇತಿಹಾಸವನ್ನು ಬರೆಯುವಾಗ ಎಟಿಪಿ ಮತ್ತು ಆರಿಯೋಮೈಸಿನ್ ಎರಡೂ ಬರುತ್ತವೆ.

ವಿಶ್ರಾಂತ ಸ್ಥಿತಿಯಲ್ಲಿ ಹೃದಯ ಹೊರಹಾಕುವ ರಕ್ತದ ಸುಮಾರು ಕಾಲುಭಾಗ ಜೀರ್ಣಾಂಗಗಳಿಗೆ ಹೋಗುತ್ತದೆ. ಕರುಳಿನ ಮುಖ್ಯ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ, ಹೃದಯದಿಂದ ಹೊರಟ ಹೆಪ್ಪು ಅಲ್ಲಿ ಸಿಕ್ಕಿಕೊಂಡರೆ, ಕರುಳು ತಿರುಚಿಕೊಂಡರೆ, ಅಥವಾ ರಕ್ತದೊತ್ತಡ ತೀರಾ ಕುಸಿದರೆ ಈ ಪೂರೈಕೆ ನಿಲ್ಲುತ್ತದೆ. ಆಮ್ಲಜನಕವಿಲ್ಲದೆ ಕೋಶಗಳಲ್ಲಿ ಎಟಿಪಿ ಬರಿದಾಗುತ್ತದೆ. ಎಟಿಪಿ ಇಲ್ಲದೆ ಕೋಶದೊಳಗಿನ ಲವಣಾಂಶಗಳ ಸಮತೋಲ ತಪ್ಪಿ, ನೀರು ನುಗ್ಗಿ, ಕೋಶ ಉಬ್ಬಿ ಒಡೆಯುತ್ತದೆ. ಮೊದಲು ಸಾಯುವುದು ಮಡಿಕೆಗಳ ತುದಿ. ರಕ್ತ ಅಲ್ಲಿಗೆ ತಲುಪುವಷ್ಟರಲ್ಲಿ ಅದರ ಆಮ್ಲಜನಕದ ಬಹುಪಾಲು ದಾರಿಯಲ್ಲೇ ಸೋರಿಹೋಗಿರುತ್ತದೆ. ಪೂರೈಕೆ ಸಂಪೂರ್ಣ ನಿಂತರೆ ಸುಮಾರು 6 ಗಂಟೆಗಳಲ್ಲಿ ಕರುಳಿನ ಗೋಡೆ ಮರಳಿ ಬಾರದ ಹಾನಿಗೆ ಒಳಗಾಗಬಹುದು.

ಒಳಪದರ ಸತ್ತ ಮೇಲೆ ಎರಡನೆಯ ಅಪಾಯ ಆರಂಭವಾಗುತ್ತದೆ. ಕರುಳಿನೊಳಗೆ ನಿರಪಾಯಕಾರಿಯಾಗಿ ವಾಸವಿರುವ ಬ್ಯಾಕ್ಟೀರಿಯಾಗಳೂ ಅವುಗಳ ವಿಷಗಳೂ ಗೋಡೆ ದಾಟಿ ರಕ್ತಕ್ಕೆ ಸೇರುತ್ತವೆ. 1940 ಮತ್ತು 50ರ ದಶಕಗಳಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜೇಕಬ್ ಫೈನ್ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ವಿಚಾರವನ್ನು ಮುಂದಿಟ್ಟವು. ಮೊದಲು ಸಲ್ಫಾ ಔಷಧಗಳನ್ನು, ಆಮೇಲೆ ಆರಿಯೋಮೈಸಿನ್‌ನಂತಹ ಪ್ರತಿಜೀವಕಗಳನ್ನು ಕೊಟ್ಟಾಗ ರಕ್ತಪೂರೈಕೆ ಕುಂದಿದ ಅಥವಾ ರಕ್ತಸ್ರಾವದಿಂದ ಆಘಾತಕ್ಕೊಳಗಾದ ಪ್ರಾಣಿಗಳು ಹೆಚ್ಚು ಕಾಲ ತಾಳಿಕೊಂಡವು. ಆಘಾತಕ್ಕೆಲ್ಲ ಕರುಳಿನ ವಿಷವೇ ಕಾರಣವೆಂಬ ಫೈನ್ ಅವರ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ಕರುಳಿಗೆ ರಕ್ತ ನಿಂತ ರೋಗಿಗೆ ಪ್ರತಿಜೀವಕವನ್ನು ಬೇಗನೆ ಆರಂಭಿಸಬೇಕೆಂಬ ರೂಢಿಗೆ ಇಂತಹ ಪ್ರಯೋಗಗಳು ಬುನಾದಿಯಾದವು.

ಈ ಸ್ಥಿತಿಯಲ್ಲಿ ಟೆಟ್ರಾಸೈಕ್ಲಿನ್‌ಗಳನ್ನು ಈಗ ಮೊದಲ ಆಯ್ಕೆಯಾಗಿ ಬಳಸುವುದಿಲ್ಲ. ಹಲವು ಬ್ಯಾಕ್ಟೀರಿಯಾಗಳು ಅವಕ್ಕೆ ಒಗ್ಗಿಹೋಗಿವೆ. ಈಗ ರಕ್ತನಾಳದ ಮೂಲಕ ಪೈಪರಾಸಿಲಿನ್–ಟಾಜೋಬ್ಯಾಕ್ಟಮ್, ಅಥವಾ ಸೆಫಲೋಸ್ಪೋರಿನ್ ವರ್ಗದ ಔಷಧದ ಜೊತೆ ಮೆಟ್ರೊನಿಡಜೋಲ್ ಕೊಡುವುದು ವಾಡಿಕೆ. ಆಮ್ಲಜನಕ ಬೇಕಾದ ಮತ್ತು ಬೇಡದ ಎರಡೂ ಬಗೆಯ ಬ್ಯಾಕ್ಟೀರಿಯಾಗಳನ್ನು ತಡೆಯುವುದು ಇದರ ಉದ್ದೇಶ. ಇದರ ಜೊತೆಗೆ ನಡೆಯುವ ಆಧಾರ ಚಿಕಿತ್ಸೆಯೂ ಅಷ್ಟೇ ಮುಖ್ಯ. ರೋಗಿಗೆ ಬಾಯಿಂದ ಏನನ್ನೂ ಕೊಡದೆ ಕರುಳಿಗೆ ವಿಶ್ರಾಂತಿ ಕೊಡಲಾಗುತ್ತದೆ, ರಕ್ತನಾಳದ ಮೂಲಕ ಸಲೈನ್‌ನಂತಹ ದ್ರವ ತುಂಬಿ ರಕ್ತದೊತ್ತಡವನ್ನು ಕಾಯಲಾಗುತ್ತದೆ, ಆಮ್ಲಜನಕ ಕೊಡಲಾಗುತ್ತದೆ, ಮೂಗಿನ ಮೂಲಕ ನಳಿಕೆ ಇಳಿಸಿ ಹೊಟ್ಟೆಯ ಉಬ್ಬರ ಇಳಿಸಲಾಗುತ್ತದೆ, ಪೊಟ್ಯಾಸಿಯಂ ಮುಂತಾದ ಲವಣಗಳ ಏರುಪೇರು ಸರಿಪಡಿಸಲಾಗುತ್ತದೆ. ರಕ್ತಸ್ರಾವದ ಭಯವಿಲ್ಲದಿದ್ದರೆ ಹೆಪ್ಪು ಬೆಳೆಯದಂತೆ ಹೆಪರಿನ್ ಕೊಡುತ್ತಾರೆ. ರಕ್ತನಾಳಗಳನ್ನು ಕುಗ್ಗಿಸಿ ಒತ್ತಡ ಏರಿಸುವ ಔಷಧಗಳನ್ನು ಸಾಧ್ಯವಾದಷ್ಟು ದೂರವಿಡುತ್ತಾರೆ, ಏಕೆಂದರೆ ಅವು ಕರುಳಿನ ನಾಳಗಳನ್ನೂ ಕುಗ್ಗಿಸುತ್ತವೆ.

ದೊಡ್ಡಕರುಳಿಗೆ ತಾತ್ಕಾಲಿಕವಾಗಿ ರಕ್ತ ಕಡಿಮೆಯಾಗಿ ಬರುವ ಉರಿಯೂತದಲ್ಲಿ ಬಹುಪಾಲು ರೋಗಿಗಳು ಇಷ್ಟರಿಂದಲೇ ಗುಣವಾಗುತ್ತಾರೆ. ಸಣ್ಣಕರುಳಿನ ಮುಖ್ಯ ಅಪಧಮನಿಯೇ ಮುಚ್ಚಿಕೊಂಡಾಗ ಹಾಗಲ್ಲ. ಪ್ರತಿಜೀವಕ ಮತ್ತು ದ್ರವಗಳು ಕಾಲಾವಕಾಶ ಕೊಡುತ್ತವೆಯೇ ಹೊರತು ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ನಾಳವನ್ನು ತೆರೆದು, ಸತ್ತ ಕರುಳನ್ನು ಕತ್ತರಿಸಿ ತೆಗೆಯುವುದು ಶಸ್ತ್ರವೈದ್ಯರ ಕೆಲಸ. ಉಳಿಸಿದ ಕರುಳು ಬದುಕಿದೆಯೇ ಎಂದು ನೋಡಲು 24ರಿಂದ 48 ಗಂಟೆಗಳಲ್ಲಿ ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾಗುವುದೂ ಉಂಟು. ಇಷ್ಟಾದರೂ ಈ ಕಾಯಿಲೆಯ ಮರಣ ಪ್ರಮಾಣ ಇಂದಿಗೂ ಶೇ. 50ರ ಆಸುಪಾಸಿನಲ್ಲಿದೆ. ತಡವಾಗಿ ಪತ್ತೆಯಾಗುವುದೇ ಮುಖ್ಯ ಕಾರಣ: ಆರಂಭದಲ್ಲಿ ಹೊಟ್ಟೆನೋವು ವಿಪರೀತವಾಗಿದ್ದರೂ ಮುಟ್ಟಿ ನೋಡಿದರೆ ಹೊಟ್ಟೆ ಮೆತ್ತಗೇ ಇರುತ್ತದೆ.

ಕೋಲಾರದ ಗಣಿ ಪ್ರದೇಶ ಮತ್ತು ವೆಲ್ಲೂರು

ಸುಬ್ಬರಾವ್ ಬಾಸ್ಟನ್ ಮತ್ತು ಪರ್ಲ್ ರಿವರ್‌ನಲ್ಲಿ ಕೆಲಸ ಮಾಡುತ್ತಿದ್ದ ಅವಧಿಯಲ್ಲಿ ಕೋಲಾರ ಚಿನ್ನದ ಗಣಿಗಳು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿದ್ದವು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿ.ಮೀ. ಮೀರಿದ ಆಳ ತಲುಪಿತು. ಆ ಆಳದ ಬಿಸಿಯಲ್ಲಿ ದುಡಿಯುತ್ತಲೇ ಕುಸಿದುಬೀಳುತ್ತಿದ್ದ ಕಾರ್ಮಿಕರ ಬಗ್ಗೆ ವೈದ್ಯ ಎ. ಕ್ಯಾಪ್ಲನ್ 1944ರಲ್ಲಿ ವಿವರವಾದ ಅಧ್ಯಯನ ಪ್ರಕಟಿಸಿದರು. ವಿಪರೀತ ಸೆಖೆಯಲ್ಲಿ ದೇಹ ತಣ್ಣಗಾಗಲೆಂದು ರಕ್ತವನ್ನು ಚರ್ಮಕ್ಕೆ ತಿರುಗಿಸುತ್ತದೆ. ಆ ಹೊತ್ತಿನಲ್ಲಿ ರಕ್ತ ಕಳೆದುಕೊಳ್ಳುವ ಮುಖ್ಯ ಅಂಗ ಕರುಳು. ತೀವ್ರ ಶಾಖಾಘಾತದಲ್ಲಿ ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾದ ವಿಷ ರಕ್ತ ಸೇರುತ್ತದೆಂಬುದು ಅನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ. ನೀರು, ಉಪ್ಪು, ತಂಪು ಗಾಳಿ – ಗಣಿಯ ಕಾರ್ಮಿಕನಿಗೆ ಬೇಕಿದ್ದ ಈ ಆರೈಕೆಗೂ ಮೇಲೆ ಹೇಳಿದ ಆಧಾರ ಚಿಕಿತ್ಸೆಗೂ ತತ್ತ್ವ ಒಂದೇ.

ಸ್ಪ್ರೂ ಕಾಯಿಲೆಯ ವಿಷಯದಲ್ಲಿ ಈ ಪ್ರದೇಶದ ನೆರೆಯ ನಾಡಿಗೆ ಇನ್ನೂ ಹತ್ತಿರದ ನಂಟಿದೆ. 1960ರ ದಶಕದ ಆರಂಭದಲ್ಲಿ ಕೋಲಾರ ಜಿಲ್ಲೆಯ ಪೂರ್ವಕ್ಕಿರುವ, ಆಗ ಉತ್ತರ ಆರ್ಕಾಟ್ ಎನ್ನುತ್ತಿದ್ದ ಜಿಲ್ಲೆಯ ಹಳ್ಳಿಗಳಲ್ಲಿ ಸ್ಪ್ರೂ ಸಾಂಕ್ರಾಮಿಕದಂತೆ ಹರಡಿ ಸಾವಿರಾರು ಜನರನ್ನು ಬಾಧಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥನ್ ಇದನ್ನು ಅಧ್ಯಯನ ಮಾಡಿದರು. ಈ ಕಾಯಿಲೆಯ ಬಗೆಗಿನ ಜಾಗತಿಕ ತಿಳಿವಳಿಕೆಯಲ್ಲಿ ಆ ಕೆಲಸಕ್ಕೆ ದೊಡ್ಡ ಸ್ಥಾನವಿದೆ. ಬಂಗಾರಪೇಟೆಯಿಂದ ಜೋಲಾರ್‌ಪೇಟೆ ಮಾರ್ಗವಾಗಿ ಕಾಟ್ಪಾಡಿಗೆ ರೈಲು ಇರುವುದರಿಂದ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಜನರಿಗೆ ವೆಲ್ಲೂರು ಮೊದಲಿನಿಂದಲೂ ಪರಿಚಿತ ವೈದ್ಯಕೇಂದ್ರ. ಸ್ಪ್ರೂ ರೋಗಕ್ಕೆ ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್ ಅನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳು, ಅಗತ್ಯವಿದ್ದಾಗ ಬಿ12 ಜೀವಸತ್ವದೊಂದಿಗೆ, ಕೊಡಲಾಗುತ್ತದೆ. ಮದ್ರಾಸಿನಲ್ಲಿ ಪುರುಷೋತ್ತಮ ಮತ್ತು ಕೃಷ್ಣಮೂರ್ತಿ ಸತ್ತಾಗ ಇವು ಯಾವುವೂ ಇರಲಿಲ್ಲ.

ಗಣಿಗಳು 2001ರಲ್ಲಿ ಮುಚ್ಚಿದವು. ರಾಬರ್ಟ್‌ಸನ್‌ಪೇಟೆ ಅಥವಾ ಬಂಗಾರಪೇಟೆಯಲ್ಲಿ ಇಂದು ಕರುಳಿಗೆ ರಕ್ತ ನಿಂತ ಸಂಶಯವಿರುವ ರೋಗಿಗೆ ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ಮತ್ತು ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಕೋಲಾರಕ್ಕೋ ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೋ ಸಾಗಿಸಬೇಕಾಗಬಹುದು. 6 ಗಂಟೆಗಳ ಲೆಕ್ಕದಲ್ಲಿ ಈ ಪ್ರಯಾಣವೂ ಸೇರುತ್ತದೆ. ಆದ್ದರಿಂದ ದ್ರವ ಮತ್ತು ಪ್ರತಿಜೀವಕಗಳನ್ನು ಮೊದಲು ತಲುಪಿದ ಆಸ್ಪತ್ರೆಯಲ್ಲೇ ಆರಂಭಿಸಿ ಕಳುಹಿಸುವುದು ಇಂತಹ ಊರುಗಳಲ್ಲಿ ಹೆಚ್ಚು ಮಹತ್ವ ಪಡೆಯುತ್ತದೆ.

ನಿಧನ ಮತ್ತು ಸ್ಮರಣೆ

ಆರಿಯೋಮೈಸಿನ್ ಪ್ರಕಟವಾದ ಕೆಲವೇ ವಾರಗಳಲ್ಲಿ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ಹೃದಯಾಘಾತದಿಂದ ನಿದ್ರೆಯಲ್ಲೇ ನಿಧನರಾದರು. ಆಗ ಅವರಿಗೆ 53 ವರ್ಷ. ಅಮೆರಿಕದಲ್ಲಿ ಕಾಲು ಶತಮಾನ ಕಳೆದರೂ ಅಲ್ಲಿನ ಪೌರತ್ವ ಪಡೆದಿರಲಿಲ್ಲ. ತಮ್ಮ ಹೆಸರಿನಲ್ಲಿ ಪೇಟೆಂಟ್ ಪಡೆಯಲು, ಪತ್ರಿಕೆಗಳಿಗೆ ಸಂದರ್ಶನ ಕೊಡಲು ಇವರು ಆಸಕ್ತಿ ತೋರಲಿಲ್ಲ. ಸಹೋದ್ಯೋಗಿಗಳನ್ನೇ ಮುಂದೆ ಮಾಡುತ್ತಿದ್ದರು. ಇವರ ಸಾಧನೆಗೆ ತಕ್ಕ ಪ್ರಸಿದ್ಧಿ ಸಿಗದಿರಲು ಇದೂ ಒಂದು ಕಾರಣ. ನೊಬೆಲ್ ಪ್ರಶಸ್ತಿ ಇವರಿಗೆ ಬರಲಿಲ್ಲ.

1953ರಲ್ಲಿ ಹೊಸದಾಗಿ ಗುರುತಿಸಿದ ಶಿಲೀಂಧ್ರವೊಂದಕ್ಕೆ ಇವರ ನೆನಪಿಗಾಗಿ ಸುಬ್ಬರೋಮೈಸಿಸ್ ಸ್ಪ್ಲೆಂಡೆನ್ಸ್ ಎಂದು ಹೆಸರಿಡಲಾಯಿತು. 1995ರಲ್ಲಿ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ ಭಾರತದ ಅಂಚೆ ಇಲಾಖೆ ಇವರ ಭಾವಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.